ಓದಿದ್ದು ಮರೆತಿಲ್ಲ, ಬೇಕಾದ ಹೊತ್ತಿಗೆ ಕೈಗೆ ಸಿಗುತ್ತಿಲ್ಲ

ಪ್ರಶ್ನೆ: ಡಾಕ್ಟರೇ, ನನಗೆ 19 ವರ್ಷ. ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ. ಹೈಸ್ಕೂಲಿನಲ್ಲಿ ಓದಿನಲ್ಲಿ ಮುಂದಿದ್ದೆ, ಓದು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಈಗ ದಿನಕ್ಕೆ ಹತ್ತು ಗಂಟೆ ಓದಿದರೂ ಪರೀಕ್ಷೆಯಲ್ಲಿ ಬ್ಲಾಂಕ್ ಆಗುತ್ತೇನೆ. ಕಳೆದ ಸೆಮಿಸ್ಟರಿನ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ, ನಾನು ಮೂರು ಸಲ ಓದಿದ್ದ ಪಾಠದಿಂದಲೇ ಪ್ರಶ್ನೆ ಬಂದಿತ್ತು. ಎದೆ ಹೊಡೆದುಕೊಳ್ಳತೊಡಗಿತು. ಅಂಗೈ ಬೆವರಿ ಪೆನ್ನು ಜಾರುತ್ತಿತ್ತು. ಒಂದು ಸಾಲೂ ನೆನಪಾಗಲಿಲ್ಲ. ಪೇಪರ್ ಕೊಟ್ಟು ಮೆಟ್ಟಿಲು ಇಳಿಯುವಾಗ ಇಡೀ ಉತ್ತರ ನೆನಪಾಯಿತು. ಅಲ್ಲೇ ಕೂತು ಅತ್ತೆ. ಆ ವಿಷಯದಲ್ಲಿ ಫೇಲಾದೆ. ಆಮೇಲಿಂದ ರಾತ್ರಿ ಎರಡು ಗಂಟೆಯವರೆಗೆ ಓದಿ ಬೆಳಿಗ್ಗೆ ಆರಕ್ಕೆ ಏಳುತ್ತೇನೆ. ಕಾಫಿ ಐದಾರು ಸಲ ಆಗುತ್ತದೆ. ಆಗಾಗ ಹೊಟ್ಟೆನೋವು, ತಲೆನೋವು. ಪರೀಕ್ಷೆ ಮುಗಿದ ತಕ್ಷಣ ನೆಗಡಿ, ಜ್ವರ. ಗೆಳತಿಯೊಬ್ಬಳು ನಿದ್ದೆ ಬಾರದ ಹಾಗೆ, ಗಮನ ಹೆಚ್ಚುವ ಹಾಗೆ ಒಂದು ಮಾತ್ರೆ ಇದೆ, ಕೊಡುತ್ತೇನೆ ಅನ್ನುತ್ತಾಳೆ. ಅಪ್ಪ "ಟೆನ್ಷನ್ ಎಲ್ಲರಿಗೂ ಇರುತ್ತೆ, ಮನಸ್ಸು ಗಟ್ಟಿ ಮಾಡ್ಕೋ" ಅನ್ನುತ್ತಾರೆ. ನನ್ನ ಜ್ಞಾಪಕಶಕ್ತಿ ಹೋಯಿತಾ? ಒಂದು ವರ್ಷ ಕಾಲೇಜು ಬಿಡಲಾ? ಕೌನ್ಸೆಲರ್ ಹತ್ತಿರ ಹೋದರೆ ಎಲ್ಲರಿಗೂ ಗೊತ್ತಾಗುತ್ತಾ? ಮುಂದಿನ ಪರೀಕ್ಷೆಗೆ ಐದೇ ವಾರ ಇದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಒಂದು ಸಾಲಿನ ಹತ್ತಿರ ಎರಡು ಸಲವೂ ನಿಂತೆ. ಎದೆ ಹೊಡೆದುಕೊಂಡದ್ದು, ಅಂಗೈ ಬೆವರಿದ್ದು ಸರಿ, ಅದನ್ನು ನಾನು ದಿನವೂ ಕೇಳುತ್ತೇನೆ. ನಾನು ನಿಂತದ್ದು ಮೆಟ್ಟಿಲಿನ ಹತ್ತಿರ. ಪೇಪರ್ ಕೊಟ್ಟು ಇಳಿಯುವಾಗ ಇಡೀ ಉತ್ತರ ನೆನಪಾಯಿತು ಅಂತ ಬರೆದಿದ್ದೀರಿ. ನಿಮಗೆ ಅದು ತುಂಬಾ ನೋವಿನ ಗಳಿಗೆ, ನನಗೆ ಗೊತ್ತು. ಆದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಜ್ಞಾಪಕಶಕ್ತಿ ಹೋಗಿದ್ದರೆ ಮೆಟ್ಟಿಲ ಮೇಲೂ ನೆನಪಾಗುತ್ತಿರಲಿಲ್ಲ. ನೀವು ಓದಿದ್ದು ತಲೆಯೊಳಗೆ ಇತ್ತು. ಬೇಕಾದ ಹೊತ್ತಿಗೆ ಅದನ್ನು ಹೊರಗೆ ತರಲು ಆಗಲಿಲ್ಲ. ಇವೆರಡೂ ಬೇರೆ ಬೇರೆ ತೊಂದರೆಗಳು, ಪರಿಹಾರವೂ ಬೇರೆ ಬೇರೆ. ನೀವು ಈಗ ಮಾಡುತ್ತಿರುವುದು, ಅಂದರೆ ಇನ್ನೂ ಜಾಸ್ತಿ ಓದುವುದು, ಮೊದಲನೇ ತೊಂದರೆಗೆ ಮದ್ದು. ನಿಮಗಿರುವುದು ಎರಡನೆಯದು.

ಪರೀಕ್ಷೆಯ ಕೊಠಡಿಯಲ್ಲಿ ಆ ದಿನ ಏನಾಯಿತು ಅಂತ ಮೊದಲು ನೋಡೋಣ. ಅಪಾಯ ಬಂತು ಅಂತ ಮೆದುಳಿಗೆ ಅನಿಸಿದರೆ ದೇಹ ಎರಡು ಹಂತದಲ್ಲಿ ತಯಾರಾಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ಬಿಡುಗಡೆಯಾಗುತ್ತದೆ. ಎದೆ ಬಡಿತ, ಬೆವರು, ಒಣಗಿದ ಬಾಯಿ, ಇವೆಲ್ಲ ಅದರ ಕೆಲಸ. ಅದರ ಹಿಂದೆ ನಿಧಾನವಾಗಿ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಏರುತ್ತದೆ. ರಕ್ತದಲ್ಲಿ ಅದು ತುದಿ ಮುಟ್ಟಲು ಸುಮಾರು 20ರಿಂದ 30 ನಿಮಿಷ ಬೇಕು. ಈ ಕಾರ್ಟಿಸಾಲ್ ಮೆದುಳಿನಲ್ಲಿ ನೆನಪನ್ನು ನೋಡಿಕೊಳ್ಳುವ ಹಿಪೊಕ್ಯಾಂಪಸ್ ಎಂಬ ಭಾಗವನ್ನೂ ತಲುಪುತ್ತದೆ.

1998ರಲ್ಲಿ ಡೊಮಿನಿಕ್ ಡಿ ಕೆರ್ವೆನ್ ಮತ್ತು ಸಂಗಡಿಗರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ನೀರಿನ ತೊಟ್ಟಿಯಲ್ಲಿ ಅಡಗಿದ ಕಟ್ಟೆ ಎಲ್ಲಿದೆ ಅಂತ ಇಲಿಗಳಿಗೆ ಮೊದಲೇ ಕಲಿಸಿದ್ದರು. ಪರೀಕ್ಷೆಗೆ 30 ನಿಮಿಷ ಮೊದಲು ಪಾದಕ್ಕೆ ಸಣ್ಣ ಶಾಕ್ ಕೊಟ್ಟರೆ ಇಲಿಗಳು ಜಾಗ ಕಂಡುಹಿಡಿಯಲಾರದೆ ತಡಕಾಡಿದವು. ಅದೇ ಶಾಕನ್ನು ಎರಡು ನಿಮಿಷ ಮೊದಲು ಕೊಟ್ಟರೆ ಏನೂ ತೊಂದರೆಯಾಗಲಿಲ್ಲ. ನಾಲ್ಕು ಗಂಟೆ ಮೊದಲು ಕೊಟ್ಟಾಗಲೂ ಆಗಲಿಲ್ಲ. ಅಂದರೆ ಕಲಿತದ್ದು ಅಳಿಸಿರಲಿಲ್ಲ. ಕಾರ್ಟಿಸಾಲಿನಂಥ ಹಾರ್ಮೋನು ಏರಿದ್ದ ಆ ಹೊತ್ತಿನಲ್ಲಿ ಮಾತ್ರ ದಾರಿ ಮುಚ್ಚಿತ್ತು. ಎರಡು ವರ್ಷದ ನಂತರ ಮನುಷ್ಯರಲ್ಲೂ ಇದೇ ಕಂಡಿತು. ಹಿಂದಿನ ದಿನ ಪದಗಳ ಪಟ್ಟಿ ಕಲಿತವರಿಗೆ ಪರೀಕ್ಷೆಗೆ ಒಂದು ಗಂಟೆ ಮೊದಲು, ದೇಹದೊಳಗೆ ಕಾರ್ಟಿಸಾಲ್ ಆಗಿ ಬದಲಾಗುವ ಕಾರ್ಟಿಸೋನ್ ಮಾತ್ರೆ ಕೊಟ್ಟರೆ, ನೆನಪಿಗೆ ಬರುವ ಪದಗಳು ಕಡಿಮೆಯಾದವು.

ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ಒಂದು ಹೊತ್ತಿಗೆ ಮನಸ್ಸಿನಲ್ಲಿ ಹಿಡಿದುಕೊಂಡು ಕೆಲಸ ಮಾಡಬಹುದಾದ ಸಂಗತಿಗಳು ಮೂರೋ ನಾಲ್ಕೋ ಅಷ್ಟೇ. ಲೆಕ್ಕದ ಹಂತಗಳು, ಸೂತ್ರ, ಪ್ರಶ್ನೆ ಏನು ಕೇಳುತ್ತಿದೆ ಅನ್ನುವುದು, ಇವಕ್ಕೇ ಆ ಜಾಗ ಬೇಕು. "ಫೇಲಾದರೆ ಏನು ಗತಿ, ಅಪ್ಪನಿಗೆ ಏನು ಹೇಳಲಿ, ಪಕ್ಕದವಳು ಆಗಲೇ ಎರಡನೇ ಶೀಟು ತಗೊಂಡಳು" ಅನ್ನುವ ಯೋಚನೆಗಳು ಅದೇ ಜಾಗದಲ್ಲಿ ಬಂದು ಕೂರುತ್ತವೆ. ಎರಡೂ ಕೈಯಲ್ಲಿ ಸಾಮಾನು ಹಿಡಿದುಕೊಂಡು ಬಾಗಿಲ ಚಿಲಕ ತೆಗೆಯಲು ಆಗುತ್ತಾ? ಪೇಪರ್ ಕೊಟ್ಟ ಮೇಲೆ ಸಾಮಾನು ಕೆಳಗಿಟ್ಟ ಹಾಗಾಯಿತು. ಬಾಗಿಲು ತೆರೆಯಿತು.

ನೀವು ಕೇಳಿಲ್ಲ, ಆದರೆ ಪತ್ರದ ತುಂಬ ಇನ್ನೊಂದು ಪ್ರಶ್ನೆ ಇದೆ. ಹೈಸ್ಕೂಲಿನಲ್ಲಿ ಹೀಗೆ ಆಗುತ್ತಿರಲಿಲ್ಲ, ಈಗ ಯಾಕೆ? ಆಗಲೂ ನಿಮಗೆ ಟೆನ್ಷನ್ ಇದ್ದಿರಬೇಕು. ಬಹುಶಃ ಆ ಟೆನ್ಷನ್ನೇ ನಿಮ್ಮನ್ನು ಮುಂದೆ ತಂದಿತ್ತು. 1908ರಲ್ಲಿ ಯರ್ಕಿಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಇಲಿಗಳಿಗೆ ಸುಲಭದ ಕೆಲಸ, ಕಷ್ಟದ ಕೆಲಸ ಎರಡನ್ನೂ ಕಲಿಸಿ ನೋಡಿದ್ದರು. ಕೆಲಸ ಸುಲಭವಿದ್ದಾಗ ಒತ್ತಡ ಹೆಚ್ಚಿದಷ್ಟೂ ಬೇಗ ಕಲಿತವು. ಕೆಲಸ ಕಷ್ಟವಾದಾಗ ಮಧ್ಯಮ ಒತ್ತಡದಲ್ಲಿ ಮಾತ್ರ ಚೆನ್ನಾಗಿ ಕಲಿತವು, ಅದಕ್ಕಿಂತ ಜಾಸ್ತಿಯಾದರೆ ಹಿಂದೆ ಬಿದ್ದವು. ಇಲಿಯ ಲೆಕ್ಕವನ್ನು ಹಾಗೆಹಾಗೇ ಮನುಷ್ಯರಿಗೆ ಹಾಕಬಾರದು. ಆದರೂ ನನ್ನ ಮುಂದೆ ಕೂರುವ ವಿದ್ಯಾರ್ಥಿಗಳಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ಸ್ಕೂಲಿನಲ್ಲಿ ಹೆಚ್ಚಿನ ಪ್ರಶ್ನೆಗಳಿಗೆ ಓದಿದ್ದನ್ನು ಹಾಗೇ ಬರೆದರೆ ಸಾಕಿತ್ತು. ಕಾಲೇಜಿನಲ್ಲಿ ಓದಿದ್ದನ್ನು ಹೊಸ ಪ್ರಶ್ನೆಗೆ ಹೊಂದಿಸಿ ಯೋಚಿಸಬೇಕು. ಕೆಲಸ ಕಷ್ಟವಾಯಿತು, ಒತ್ತಡವೂ ಏರಿತು. ಅಂದು ಕೈ ಹಿಡಿದದ್ದೇ ಇಂದು ಕಾಲು ಎಳೆಯುತ್ತಿದೆ. ನೀವು ಮೊದಲು ಜಾಣೆಯಾಗಿದ್ದು ಈಗ ದಡ್ಡಿಯಾಗಿದ್ದೀರಿ ಅಂತ ಇದರ ಅರ್ಥ ಖಂಡಿತ ಅಲ್ಲ.

ಹಾಗಾಗಿ "ಒತ್ತಡ ಅಂದ್ರೇನೇ ಕೆಟ್ಟದ್ದು" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಸ್ವಲ್ಪ ಚುರುಕಾಗುವುದು ಒಳ್ಳೆಯದೇ. ತೊಂದರೆ ಇರುವುದು ಇಳಿಯದ ಒತ್ತಡದಲ್ಲಿ. ಏರಿದ್ದು ಇಳಿಯಬೇಕು, ಮತ್ತೆ ಬೇಕಾದಾಗ ಏರಬೇಕು. ನಿಮ್ಮದು ಫೇಲಾದ ದಿನದಿಂದ ಇಳಿದೇ ಇಲ್ಲ ಅಂತ ಕಾಣುತ್ತದೆ.

ಇಳಿಯದೆ ಉಳಿದ ಒತ್ತಡ ಮೆದುಳನ್ನು ಶಾಶ್ವತವಾಗಿ ಹಾಳು ಮಾಡುತ್ತಾ ಅಂತ ನಿಮಗೆ ಭಯ ಇರಬಹುದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಸಮಾಧಾನ ಕೊಡುತ್ತದೆ. ದೊಡ್ಡ ಪರೀಕ್ಷೆಗೆ ತಿಂಗಳುಗಟ್ಟಲೆ ಓದುತ್ತಿದ್ದ 20 ಮಂದಿ ವೈದ್ಯಕೀಯ ವಿದ್ಯಾರ್ಥಿಗಳ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಗಮನವನ್ನು ಒಂದರಿಂದ ಇನ್ನೊಂದಕ್ಕೆ ಹೊರಳಿಸುವ ಶಕ್ತಿ ಅವರಲ್ಲಿ ಕುಗ್ಗಿತ್ತು. ಹಣೆಯ ಹಿಂದಿನ ಮೆದುಳಿನ ಭಾಗಗಳ ನಡುವಿನ ಸಂಪರ್ಕವೂ ಸಡಿಲವಾಗಿತ್ತು. ಪರೀಕ್ಷೆ ಮುಗಿದು ಒಂದು ತಿಂಗಳು ಒತ್ತಡ ಕಡಿಮೆಯಾದ ಮೇಲೆ ಮತ್ತೆ ನೋಡಿದರೆ ಎಲ್ಲ ಮೊದಲಿನಂತಾಗಿತ್ತು. ನಿಮ್ಮ ವಯಸ್ಸಿನ ಆರೋಗ್ಯವಂತ ಮೆದುಳು ಚೇತರಿಸಿಕೊಳ್ಳುತ್ತದೆ. ಅದಕ್ಕೆ ನಾವು ಅವಕಾಶ ಕೊಡಬೇಕು ಅಷ್ಟೇ.

ಹೊಟ್ಟೆನೋವು, ಪರೀಕ್ಷೆ ಮುಗಿದ ಮೇಲಿನ ನೆಗಡಿ, ಇವು ನಿಮ್ಮ ಕಲ್ಪನೆಯಲ್ಲ. ಕರುಳಿಗೂ ಮೆದುಳಿಗೂ ನೇರ ನರಸಂಪರ್ಕ ಇದೆ. ಕಾರ್ಟಿಸಾಲ್ ಬಹಳ ದಿನ ಏರುಪೇರಾದರೆ ರೋಗನಿರೋಧಕ ಶಕ್ತಿಯೂ ಹದ ತಪ್ಪುತ್ತದೆ. 1998ರಲ್ಲಿ ಹನ್ನೊಂದು ಮಂದಿ ದಂತವೈದ್ಯಕೀಯ ವಿದ್ಯಾರ್ಥಿಗಳ ಬಾಯಿಯ ಮೇಲ್ಭಾಗದಲ್ಲಿ ಚಿಕ್ಕ ಗಾಯ ಮಾಡಿ ಅದು ಮಾಯುವುದನ್ನು ಅಳೆದಿದ್ದರು. ಒಂದು ಸಲ ರಜೆಯಲ್ಲಿ, ಇನ್ನೊಂದು ಸಲ ಪರೀಕ್ಷೆಗೆ ಮೂರು ದಿನ ಮೊದಲು. ಪರೀಕ್ಷೆಯ ಸಮಯದ ಗಾಯ ಮಾಯಲು ಸರಾಸರಿ ಮೂರು ದಿನ ಹೆಚ್ಚು ಹಿಡಿಯಿತು. ಅದೇ ಮನುಷ್ಯರು, ಅದೇ ಗಾಯ. ಅಪ್ಪ "ಎಲ್ಲಾ ಮನಸ್ಸಿನಲ್ಲೇ ಇರೋದು" ಅಂದರೆ ಇದನ್ನು ಹೇಳಿ.

ಈಗ ನಿದ್ದೆಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಚಿಂತೆ ಹುಟ್ಟಿಸಿದ್ದು ಇದೇ. ರಾತ್ರಿ ಎರಡರಿಂದ ಬೆಳಿಗ್ಗೆ ಆರು ಅಂದರೆ ನಾಲ್ಕು ಗಂಟೆ. 18ರಿಂದ 25 ವರ್ಷದವರಿಗೆ ಬೇಕಾದ್ದು ಏಳರಿಂದ ಒಂಬತ್ತು ಗಂಟೆ. "ನನಗೆ ಅಭ್ಯಾಸವಾಗಿದೆ ಡಾಕ್ಟರೇ, ನಾಲ್ಕು ಗಂಟೆ ಸಾಕು" ಅಂತ ಹೇಳುವ ಮಕ್ಕಳು ನನ್ನ ಹತ್ತಿರ ಬಹಳ ಬರುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ, ಅವರಿಗೆ ನಿಜವಾಗಿಯೂ ಹಾಗೇ ಅನಿಸುತ್ತದೆ. 2003ರ ಒಂದು ಅಧ್ಯಯನದಲ್ಲಿ ಕೆಲವರನ್ನು ಎರಡು ವಾರ ದಿನಕ್ಕೆ ನಾಲ್ಕೇ ಗಂಟೆ, ಇನ್ನು ಕೆಲವರನ್ನು ಆರೇ ಗಂಟೆ ಮಲಗಲು ಬಿಟ್ಟರು. ಅವರ ಗಮನ ದಿನದಿಂದ ದಿನಕ್ಕೆ ಕುಸಿಯುತ್ತಲೇ ಹೋಯಿತು. ಕೊನೆಗೆ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿಯಿತು. ಆದರೆ ನಿದ್ದೆ ಬರ್ತಿದೆಯಾ ಅಂತ ಕೇಳಿದರೆ ಸ್ವಲ್ಪ ಅಷ್ಟೇ ಅನ್ನುತ್ತಿದ್ದರು. ಎಷ್ಟು ಕುಸಿದಿದ್ದೇವೆ ಅನ್ನುವುದು ಕುಸಿದವರಿಗೇ ತಿಳಿಯುವುದಿಲ್ಲ.

ಇನ್ನೊಂದು ಲೆಕ್ಕ ಹಾಕಿ ನೋಡಿ. ಆರು ಗಂಟೆಗೆ ಎದ್ದವರಿಗೆ ರಾತ್ರಿ ಹನ್ನೊಂದಕ್ಕೆ 17 ಗಂಟೆ ಎಚ್ಚರ ಆಗಿರುತ್ತದೆ. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05 ಮದ್ಯ ಇದ್ದವರಷ್ಟೇ ತಗ್ಗಿತ್ತು. ನೀವು ಅದಾದ ಮೇಲೆ ಇನ್ನೂ ಮೂರು ಗಂಟೆ ಸಂಖ್ಯಾಶಾಸ್ತ್ರ ಓದುತ್ತಿದ್ದೀರಿ! ಆ ಮೂರು ಗಂಟೆ ನಿಮಗೆ ಕೊಡುವುದು ಓದಿದೆ ಅನ್ನುವ ಸಮಾಧಾನ ಮಾತ್ರ. ಹಗಲಿನಲ್ಲಿ ಕಲಿತದ್ದು ಗಟ್ಟಿಯಾಗುವುದೇ ನಿದ್ದೆಯಲ್ಲಿ. ಬೆಳಗಿನ ಜಾವದ ನಿದ್ದೆ ಕತ್ತರಿಸಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಒಂದು ಮಾತು ನಿಮ್ಮ ಪರವಾಗಿಯೂ ಹೇಳಬೇಕು. ರಾತ್ರಿ ಬೇಗ ನಿದ್ದೆ ಬರಲ್ಲ, ಬೆಳಿಗ್ಗೆ ಏಳಕ್ಕಾಗಲ್ಲ ಅಂತ ನಿಮ್ಮ ವಯಸ್ಸಿನವರನ್ನು ಬೈಯುವುದು ತಪ್ಪು. ದೇಹದ ಒಳಗಿನ ಗಡಿಯಾರ ಹದಿಹರೆಯದಲ್ಲಿ ತಡವಾಗುತ್ತ ಹೋಗಿ, ಸುಮಾರು 20ನೇ ವಯಸ್ಸಿನ ಹೊತ್ತಿಗೆ ಅತಿ ತಡದ ಹಂತ ಮುಟ್ಟಿ, ಆಮೇಲೆ ಹಿಂದಕ್ಕೆ ಬರುತ್ತದೆ. ಇದು ಸೋಮಾರಿತನ ಅಲ್ಲ. ಹಾಗಾಗಿ ಹತ್ತು ಗಂಟೆಗೇ ಮಲಗಿ ಅಂತ ನಾನು ಹೇಳುವುದಿಲ್ಲ. ಹನ್ನೊಂದೂವರೆಗೆ ಮಲಗಿ ಏಳಕ್ಕೆ ಏಳಿ. ಏಳುವ ಹೊತ್ತು ರಜಾದಿನವೂ ಅದೇ ಇರಲಿ.

ಕಾಫಿ ಬಿಡಬೇಕಾಗಿಲ್ಲ. ಆದರೆ ಒಂದು ಲೋಟದಲ್ಲಿರುವ ಕೆಫೀನಿನ ಅರ್ಧ ಐದು ಗಂಟೆಯ ನಂತರವೂ ರಕ್ತದಲ್ಲಿ ಉಳಿದಿರುತ್ತದೆ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗಿಂತ ಹೆಚ್ಚು ಕಡಿಮೆಯಾದದ್ದನ್ನು 2013ರಲ್ಲಿ ತೋರಿಸಿದ್ದಾರೆ. ಎದೆ ಬಡಿತ, ಕೈ ನಡುಕ, ಹೊಟ್ಟೆಯ ಉರಿ, ಇವನ್ನೂ ಕಾಫಿ ಹೆಚ್ಚಿಸುತ್ತದೆ. ನೀವು ಅದನ್ನು ಭಯ ಅಂದುಕೊಳ್ಳುತ್ತೀರಿ. ದಿನಕ್ಕೆ ಎರಡು ಸಾಕು, ಮಧ್ಯಾಹ್ನ ಎರಡರ ನಂತರ ಬೇಡ. ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನ ತಲೆನೋವು ಬರುತ್ತದೆ, ಅದಕ್ಕೇ ದಿನಕ್ಕೊಂದರಂತೆ ಇಳಿಸಿ.

ಗೆಳತಿಯ ಮಾತ್ರೆಗೆ ಬರುತ್ತೇನೆ. ದಯವಿಟ್ಟು ಬೇಡ. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಇಂಥ ಮಾತ್ರೆಗಳು ಹೆಚ್ಚಾಗಿ ಗಮನ ಒಂದು ಕಡೆ ನಿಲ್ಲದ ಎಡಿಎಚ್‌ಡಿ ಎಂಬ ತೊಂದರೆಗೋ, ಹಗಲಿನಲ್ಲೇ ತಡೆಯಲಾಗದಷ್ಟು ನಿದ್ದೆ ಬರುವ ಕಾಯಿಲೆಗೋ ವೈದ್ಯರು ಕೊಡುವಂಥವು. ಆ ತೊಂದರೆ ಇರುವವರಿಗೆ ಅವು ನಿಜಕ್ಕೂ ಉಪಯೋಗ. ಇಲ್ಲದವರಿಗೆ? 2023ರಲ್ಲಿ 40 ಮಂದಿ ಆರೋಗ್ಯವಂತರಿಗೆ ಇಂಥ ಮೂರು ಔಷಧಗಳನ್ನು ಬೇರೆ ಬೇರೆ ದಿನ ಕೊಟ್ಟು ಕಷ್ಟದ ಲೆಕ್ಕದ ಒಗಟುಗಳನ್ನು ಬಿಡಿಸಲು ಹೇಳಿದರು. ಮಾತ್ರೆ ತಗೊಂಡ ದಿನ ಅವರು ಜಾಸ್ತಿ ಹೊತ್ತು ಒದ್ದಾಡಿದರು. ಆದರೆ ಆ ಒದ್ದಾಟದ ಗುಣಮಟ್ಟವೇ ಇಳಿದಿತ್ತು. ಶ್ರಮ ಹೆಚ್ಚಿತು, ಫಲ ಕಡಿಮೆಯಾಯಿತು. ನೀವು ಈಗಾಗಲೇ ಅದೇ ಸ್ಥಿತಿಯಲ್ಲಿದ್ದೀರಿ ಅಲ್ವಾ? ಇವು ಎದೆ ಬಡಿತ ಏರಿಸುತ್ತವೆ, ಹಸಿವು ಕೊಲ್ಲುತ್ತವೆ, ಆತಂಕ ಇರುವವರಲ್ಲಿ ಆತಂಕವನ್ನು ಹೆಚ್ಚಿಸುತ್ತವೆ. ಕೆಲವಕ್ಕೆ ಚಟ ಹತ್ತುವ ಅಪಾಯವೂ ಇದೆ. ಯಾರದ್ದೋ ಡಬ್ಬಿಯಿಂದ ಬಂದ ಮಾತ್ರೆ ನಿಜಕ್ಕೂ ಏನು, ಎಷ್ಟು ಪವರಿನದು ಅಂತಲೂ ನಿಮಗೆ ಗೊತ್ತಿರುವುದಿಲ್ಲ.

ಹಾಗಾದರೆ ಓದುವುದು ಹೇಗೆ? ನನ್ನ ಉತ್ತರದ ಮುಖ್ಯ ಭಾಗ ಇದು.

"ಮೂರು ಸಲ ಓದಿದ್ದೆ" ಅಂತ ಬರೆದಿದ್ದೀರಿ. ಓದಿದ್ದನ್ನೇ ಮತ್ತೆ ಓದುವುದು ಬಹಳ ಹಿತವಾದ ಕೆಲಸ. ಮೂರನೇ ಸಲ ಎಲ್ಲ ಪರಿಚಿತವಾಗಿ ಕಾಣುತ್ತದೆ, ಗೊತ್ತಾಯಿತು ಅನಿಸುತ್ತದೆ. ಆದರೆ ಪರೀಕ್ಷೆಯಲ್ಲಿ ಪುಸ್ತಕ ಎದುರಿಗಿರುವುದಿಲ್ಲ. ನೋಡಿದರೆ ಗುರುತು ಹಿಡಿಯುವುದು ಬೇರೆ, ನೋಡದೆ ನೆನಪಿನಿಂದ ತೆಗೆಯುವುದು ಬೇರೆ. ನೀವು ಮೊದಲನೆಯದನ್ನು ಅಭ್ಯಾಸ ಮಾಡಿ ಎರಡನೆಯದರ ಪರೀಕ್ಷೆಗೆ ಹೋಗಿದ್ದಿರಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಪಾಠಗಳನ್ನು ಕೊಟ್ಟರು. ಕೆಲವು ಪಾಠಗಳನ್ನು ಎರಡು ಸಲ ಓದಿಸಿದರು. ಕೆಲವನ್ನು ಒಮ್ಮೆ ಓದಿಸಿ, ಮುಚ್ಚಿಟ್ಟು, ನೆನಪಿದ್ದಷ್ಟು ಬರೆಸಿದರು. ಐದು ನಿಮಿಷದ ನಂತರ ಕೇಳಿದರೆ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಕೇಳಿದರೆ ತಿರುಗುಮುರುಗಾಗಿತ್ತು. ಮುಚ್ಚಿಟ್ಟು ಬರೆದ ಪಾಠ ಶೇ 56ರಷ್ಟು ಉಳಿದಿತ್ತು, ಎರಡು ಸಲ ಓದಿದ್ದು ಶೇ 42ರಷ್ಟು.

ನಿಮ್ಮ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು 2016ರಲ್ಲಿ ಬಂತು. 120 ಮಂದಿಯನ್ನು ತೆಗೆದುಕೊಂಡು ಅರ್ಧ ಜನಕ್ಕೆ ಮತ್ತೆ ಮತ್ತೆ ಓದುವ ದಾರಿಯಲ್ಲಿ, ಇನ್ನರ್ಧ ಜನಕ್ಕೆ ಮುಚ್ಚಿಟ್ಟು ನೆನಪಿಸಿಕೊಳ್ಳುವ ದಾರಿಯಲ್ಲಿ ಪದಗಳನ್ನೂ ಚಿತ್ರಗಳನ್ನೂ ಕಲಿಸಿದರು. ಮರುದಿನ ಕೆಲವರನ್ನು ಜನರ ಮುಂದೆ ಭಾಷಣ ಮಾಡಿಸಿ, ಲೆಕ್ಕ ಕೇಳಿ, ಬೇಕೆಂದೇ ಒತ್ತಡಕ್ಕೆ ದೂಡಿದರು. ಕಾರ್ಟಿಸಾಲ್ ಏರುವಷ್ಟು ಹೊತ್ತು ಬಿಟ್ಟು ಮತ್ತೆ ಕೇಳಿದರು. ಓದಿ ಓದಿ ಕಲಿತವರ ನೆನಪು ಒತ್ತಡದಲ್ಲಿ ಕುಸಿಯಿತು. ನೆನಪಿಸಿಕೊಂಡು ಕಲಿತವರದ್ದು ಕುಸಿಯಲಿಲ್ಲ. ಒತ್ತಡದಲ್ಲಿ ಇದ್ದರೂ ಇಲ್ಲದಿದ್ದರೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಒಂದೇ ಪ್ರಯೋಗದ ಮೇಲೆ ಎಲ್ಲವನ್ನೂ ಕಟ್ಟಬಾರದು ನಿಜ. ಆದರೆ ಹತ್ತಾರು ವಿದ್ಯಾರ್ಥಿಗಳ ಜೊತೆ ನಾನೇ ಈ ದಾರಿ ಹಿಡಿದು ನೋಡಿದ್ದೇನೆ. ಮುಚ್ಚಿದ ದಾರಿಯಲ್ಲಿ ಮೊದಲೇ ಹತ್ತು ಸಲ ನಡೆದವರಿಗೆ ಕತ್ತಲೆಯಲ್ಲೂ ಕಾಲು ದಾರಿ ಹಿಡಿಯುತ್ತದೆ.

ಮಾಡುವುದು ಸುಲಭ. ಅರ್ಧ ಗಂಟೆ ಓದಿ. ಪುಸ್ತಕ ಮುಚ್ಚಿ. ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆಯಿರಿ. ಆಮೇಲೆ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಎರಡು ದಿನ ಬಿಟ್ಟು ಅದನ್ನೇ ಮತ್ತೆ ಖಾಲಿ ಹಾಳೆಯಿಂದ ಶುರು ಮಾಡಿ. ಮೊದಲ ದಿನಗಳಲ್ಲಿ ಇದು ಬೇಸರ ತರಿಸುತ್ತದೆ, ಎಷ್ಟು ಕಡಿಮೆ ನೆನಪಿದೆ ಅಂತ ಭಯವಾಗುತ್ತದೆ. ಅಲ್ಲಿ ಬಿಟ್ಟುಬಿಡಬೇಡಿ. ಆ ತಡಕಾಟವೇ ಕಲಿಕೆ. ವಾರಕ್ಕೊಂದು ಸಲ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ನೋಡಿಕೊಂಡು, ಫೋನು ಆಚೆ ಇಟ್ಟು, ಪರೀಕ್ಷೆಯ ಹೊತ್ತಿನಲ್ಲೇ ಪೂರ್ತಿ ಬರೆಯಿರಿ. ಸಾಧ್ಯವಾದರೆ ಕಾಲೇಜಿನ ಖಾಲಿ ತರಗತಿಯಲ್ಲಿ ಕೂತು ಬರೆಯಿರಿ. ಎದೆ ಹೊಡೆದುಕೊಂಡರೆ ಒಳ್ಳೆಯದೇ ಆಯಿತು, ಎದೆ ಹೊಡೆದುಕೊಳ್ಳುವಾಗಲೂ ಬರೆಯುವ ಅಭ್ಯಾಸ ಆಗಬೇಕು.

ಪರೀಕ್ಷೆಯ ದಿನ ಮತ್ತೆ ಬ್ಲಾಂಕ್ ಆದರೆ ಏನು ಮಾಡಬೇಕು ಅಂತಲೂ ಹೇಳುತ್ತೇನೆ. ಪೆನ್ನು ಕೆಳಗಿಡಿ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ಎರಡು ಪಟ್ಟು ಉದ್ದ ಇರಲಿ, ಐದಾರು ಸಲ ಸಾಕು. ಉಸಿರು ನಿಧಾನ ಬಿಟ್ಟಾಗ ಎದೆ ಬಡಿತ ಇಳಿಯುತ್ತದೆ, ಅದು ದೇಹದ ರಚನೆಯಲ್ಲೇ ಇದೆ. ಆಮೇಲೆ ಆ ಪ್ರಶ್ನೆ ಬಿಟ್ಟು ಅತಿ ಸುಲಭದ್ದನ್ನು ಹುಡುಕಿ ಎರಡು ಸಾಲು ಬರೆಯಿರಿ. ಕಷ್ಟದ ಪ್ರಶ್ನೆಯ ಪಕ್ಕದಲ್ಲಿ, ಹೊಂದಿಕೆಯಾಗದಿದ್ದರೂ ಸರಿ, ತೋಚಿದ ಪದಗಳನ್ನು ಗೀಚಿಡಿ. ಒಂದು ಪದ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. "ಸಮಾಧಾನ ಮಾಡ್ಕೋ, ಸಮಾಧಾನ ಮಾಡ್ಕೋ" ಅಂತ ನಿಮಗೆ ನೀವೇ ಹೇಳಿಕೊಳ್ಳುವುದು ಅಷ್ಟು ಫಲ ಕೊಡುವುದಿಲ್ಲ. ಅದರ ಬದಲು "ದೇಹ ತಯಾರಾಗ್ತಿದೆ" ಅಂದುಕೊಳ್ಳಿ. 2010ರ ಒಂದು ಅಧ್ಯಯನದಲ್ಲಿ, ಎದೆ ಬಡಿತ ಪರೀಕ್ಷೆಗೆ ಸಹಾಯವನ್ನೇ ಮಾಡಬಹುದು ಅಂತ ಮೊದಲೇ ತಿಳಿಸಿದ್ದ ವಿದ್ಯಾರ್ಥಿಗಳು ಗಣಿತದಲ್ಲಿ ಉಳಿದವರಿಗಿಂತ ಹೆಚ್ಚು ಅಂಕ ತಗೊಂಡರು. ಪರೀಕ್ಷೆಗೆ ಹತ್ತು ನಿಮಿಷ ಮೊದಲು ಭಯವನ್ನೆಲ್ಲ ಕಾಗದದ ಮೇಲೆ ಬರೆದರೆ ಅಂಕ ಹೆಚ್ಚುತ್ತದೆ ಅಂತ 2011ರಲ್ಲಿ ಒಂದು ಅಧ್ಯಯನ ಹೆಸರು ಮಾಡಿತ್ತು. ಬೇರೆಯವರು ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ನಿಮಗೆ ಹಗುರ ಅನಿಸಿದರೆ ಬರೆಯಿರಿ, ಅದನ್ನೇ ನೆಚ್ಚಿಕೊಳ್ಳಬೇಡಿ.

ಇದೆಲ್ಲ ನೀವೇ ಮಾಡಬಹುದಾದದ್ದು. ಆದರೆ ಒಬ್ಬರೇ ಮಾಡಬೇಕು ಅಂತಿಲ್ಲ. ಕೌನ್ಸೆಲರ್ ಹತ್ತಿರ ಹೋಗಿ ಅಂತ ನಾನು ಸ್ಪಷ್ಟವಾಗಿ ಹೇಳುತ್ತೇನೆ. ನೀವು ಹೇಳಿದ್ದನ್ನು ಗುಟ್ಟಾಗಿಡುವುದು ಅವರ ವೃತ್ತಿಯ ಮೊದಲ ನಿಯಮ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ದಾಗ ಮಾತ್ರ ಬೇರೆಯವರಿಗೆ ತಿಳಿಸಬಹುದು. ಆದರೂ ಮೊದಲ ದಿನವೇ ಬಾಯಿಬಿಟ್ಟು ಕೇಳಿ: "ನಾನು ಹೇಳಿದ್ದನ್ನು ಎಲ್ಲಿ ಬರೆದಿಡ್ತೀರಿ? ಅದನ್ನು ಯಾರು ನೋಡ್ತಾರೆ? ಮನೆಗೆ ಹೇಳ್ತೀರಾ?" ಹೀಗೆ ಕೇಳಿದರೆ ಒಳ್ಳೆಯ ಕೌನ್ಸೆಲರ್ ಬೇಸರ ಮಾಡಿಕೊಳ್ಳುವುದಿಲ್ಲ. ಉತ್ತರ ನಿಮಗೆ ಸಮಾಧಾನ ತರದಿದ್ದರೆ ಕಾಲೇಜಿನ ಹೊರಗಿನವರನ್ನು ನೋಡಿ. ಪರೀಕ್ಷೆಯ ಭಯಕ್ಕೆ, ಯೋಚನೆ ಮತ್ತು ನಡವಳಿಕೆ ಎರಡನ್ನೂ ಹಂತಹಂತವಾಗಿ ತಿದ್ದುವ ಸಿಬಿಟಿ ಎಂಬ ಚಿಕಿತ್ಸೆಗೆ ಒಳ್ಳೆಯ ಆಧಾರ ಇದೆ. ಅದು ವರ್ಷಗಟ್ಟಲೆ ನಡೆಯುವಂಥದ್ದಲ್ಲ, ಹಲವರಿಗೆ ಕೆಲವು ವಾರಗಳಲ್ಲೇ ಬದಲಾವಣೆ ಕಾಣುತ್ತದೆ.

ಜೊತೆಗೆ ಒಬ್ಬ ವೈದ್ಯರನ್ನೂ ಕಾಣಿ. ರಕ್ತಹೀನತೆ, ಥೈರಾಯ್ಡ್ ಏರುಪೇರು, ಬಿ12 ಕೊರತೆ, ಇವೂ ಸುಸ್ತು, ಎದೆ ಬಡಿತ, ಮರೆವು ತರುತ್ತವೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವುದನ್ನು ತಿಂಗಳುಗಟ್ಟಲೆ ಟೆನ್ಷನ್ ಅಂತ ಹೊರುವುದು ಬೇಡ. ಔಷಧ ಬೇಕಾಗುತ್ತದಾ? ನಿಮ್ಮ ಪತ್ರದಿಂದ ಅಷ್ಟೇ ಹೇಳುವುದಾದರೆ ಮೊದಲ ಹಂತದಲ್ಲೇ ಬೇಕಾಗಲಾರದು. ಎದೆ ಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಅಂಥ ಮಾತ್ರೆಯನ್ನು ಕೆಲವೊಮ್ಮೆ ಕೊಡುವುದುಂಟು, ಆದರೆ ಆಸ್ತಮಾ ಇದ್ದವರಿಗೆ ಅದು ಅಪಾಯ. ಖಿನ್ನತೆ ಇದ್ದರೆ ಕೊಡುವ ಔಷಧಗಳು ಒಳ್ಳೆಯ ಕೆಲಸ ಮಾಡುತ್ತವೆ, ಆದರೆ ಫಲ ಕಾಣಲು ಕೆಲವು ವಾರ ಬೇಕು. 25 ವರ್ಷದ ಒಳಗಿನವರನ್ನು ಶುರುವಿನ ವಾರಗಳಲ್ಲಿ ವೈದ್ಯರು ಹತ್ತಿರದಿಂದ ಗಮನಿಸಬೇಕು. ಮನಸ್ಸು ಶಾಂತ ಮಾಡುವ ನಿದ್ದೆಮಾತ್ರೆಗಳನ್ನು ಪರೀಕ್ಷೆಗಾಗಿ ನಾನು ಕೊಡುವುದಿಲ್ಲ. ಅವು ಹೊಸ ನೆನಪು ಕೂರುವುದನ್ನೇ ತಡೆಯುತ್ತವೆ, ಬೇಗ ಅಭ್ಯಾಸವೂ ಆಗುತ್ತವೆ.

ಒಂದು ಪ್ರಶ್ನೆಯನ್ನು ನಾನು ಎದುರಿಗಿದ್ದರೆ ಖಂಡಿತ ಕೇಳುತ್ತಿದ್ದೆ, ಇಲ್ಲೂ ಕೇಳುತ್ತೇನೆ. ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಭಾರವಾಗಿದೆಯಾ? ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ರುಚಿಸುತ್ತಿಲ್ಲವಾ? ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು, ಸತ್ತರೆ ಸಾಕು ಅಂತ ಅನಿಸಿದೆಯಾ? ಹೌದು ಅಂತಾದರೆ ಐದು ವಾರ, ಪರೀಕ್ಷೆ, ಖಾಲಿ ಹಾಳೆ ಎಲ್ಲವನ್ನೂ ಬದಿಗಿಡಿ. ಇವತ್ತೇ ನಂಬಿಕೆಯ ಒಬ್ಬರಿಗೆ ಹೇಳಿ, ಇವತ್ತೇ ಆಸ್ಪತ್ರೆಗೆ ಹೋಗಿ, ಅಥವಾ ಸಹಾಯವಾಣಿಗೆ ಕರೆ ಮಾಡಿ. ಆ ಹೊತ್ತು ಒಬ್ಬರೇ ಇರಬೇಡಿ. ಇದನ್ನು ಓದುತ್ತಿರುವ ಗೆಳೆಯರಿಗೂ ಒಂದು ಮಾತು. ಸಾಯಬೇಕು ಅನಿಸ್ತಿದೆಯಾ ಅಂತ ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗಾಗುತ್ತೆ ಅನ್ನುವುದು ತಪ್ಪು ತಿಳಿವಳಿಕೆ. ಕೇಳಿದರೆ ಹೆಚ್ಚಿನವರಿಗೆ ಹಗುರವೇ ಆಗುತ್ತದೆ.

ಒಂದು ವರ್ಷ ಬಿಡುವ ವಿಷಯ. ಖಿನ್ನತೆ ಗಟ್ಟಿಯಾಗಿದ್ದರೆ, ದಿನದ ಕೆಲಸವೇ ಆಗುತ್ತಿಲ್ಲ ಅಂತಾದರೆ, ಬಿಡುವುದು ಸರಿಯಾದ ನಿರ್ಧಾರ ಆಗಬಹುದು. ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಪರೀಕ್ಷೆಯ ಭಯದಿಂದ ಮಾತ್ರ ಬಿಟ್ಟರೆ ಭಯ ಬೆಳೆಯುತ್ತದೆ. ಯಾವುದಕ್ಕೆ ಹೆದರಿ ದೂರ ಹೋಗುತ್ತೇವೋ ಅದು ದೂರದಿಂದ ಇನ್ನೂ ದೊಡ್ಡದಾಗಿ ಕಾಣುತ್ತದೆ. ಚಿಕಿತ್ಸೆಯ ಜೊತೆ, ವಾಪಸು ಬರುವ ದಿನ ಗೊತ್ತುಮಾಡಿಕೊಂಡು ಬಿಟ್ಟವರು ಚೆನ್ನಾಗಿ ಮರಳಿದ್ದನ್ನು ನೋಡಿದ್ದೇನೆ. ಸುಮ್ನೆ ಮನೆಗೆ ಹೋಗಿ ಕೂತವರಿಗೆ ಮರಳುವುದು ಬಹಳ ಕಷ್ಟವಾಯಿತು. ಗೆಳೆಯರೆಲ್ಲ ಮುಂದೆ ಹೋಗಿರುತ್ತಾರೆ, ದಿನಕ್ಕೊಂದು ಕ್ರಮ ಇರುವುದಿಲ್ಲ. ನಡುವಿನ ದಾರಿ ಇದೆಯಾ ಅಂತ ಮೊದಲು ವಿಚಾರಿಸಿ. ಫೇಲಾದ ವಿಷಯವನ್ನು ಈ ಸಲವೇ ಕಟ್ಟಬೇಕಾ, ಮುಂದಿನ ಸಲಕ್ಕೆ ಬಿಡಬಹುದಾ? ಈ ಸೆಮಿಸ್ಟರಿನಲ್ಲಿ ಒಂದು ವಿಷಯ ಕಡಿಮೆ ತಗೊಳ್ಳಲು ಅವಕಾಶ ಇದೆಯಾ? ನನ್ನ ಅಭಿಪ್ರಾಯ ಕೇಳಿದರೆ, ಈ ಐದು ವಾರ ಬಿಡುವ ನಿರ್ಧಾರವನ್ನೇ ಮಾಡಬೇಡಿ. ನಾಲ್ಕು ಗಂಟೆ ಮಲಗುವ ಮೆದುಳು ದೊಡ್ಡ ನಿರ್ಧಾರ ಮಾಡಬಾರದು.

ಅಪ್ಪನ ಮೇಲೆ ಸಿಟ್ಟಾಗಬೇಡಿ. ಟೆನ್ಷನ್ ಎಲ್ಲರಿಗೂ ಇರುತ್ತದೆ ಅನ್ನುವುದು ನಿಜವೇ. ನಿಮಗೆ ಎಷ್ಟಿದೆ ಅಂತ ಅವರಿಗೆ ಗೊತ್ತಿಲ್ಲ. "ನಂಗೆ ತುಂಬಾ ಟೆನ್ಷನ್" ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ಹೀಗೆ ಹೇಳಿ ನೋಡಿ: "ಅಪ್ಪಾ, ಮೂರು ತಿಂಗಳಿಂದ ದಿನಾ ನಾಲ್ಕೇ ಗಂಟೆ ಮಲಗ್ತಿದ್ದೀನಿ. ವಾರಕ್ಕೆ ಇಷ್ಟು ಸಲ ಹೊಟ್ಟೆನೋವು ಬರುತ್ತೆ. ಗೊತ್ತಿದ್ದ ಉತ್ತರವೇ ಪರೀಕ್ಷೆಯಲ್ಲಿ ಬರೆಯಕ್ಕಾಗಲಿಲ್ಲ. ಡಾಕ್ಟರ್ ಹತ್ತಿರ ಒಂದು ಸಲ ಹೋಗೋಣ, ನೀವೂ ಬನ್ನಿ." ದಿನ, ಗಂಟೆ, ಸಂಖ್ಯೆ ನಿಮ್ಮ ನಿಜದ್ದೇ ಇರಲಿ. ಜೊತೆಗೆ ಬನ್ನಿ ಅಂತ ಕರೆದರೆ ಹೆಚ್ಚಿನ ತಂದೆತಾಯಿ ಬರುತ್ತಾರೆ.

ಐದು ವಾರವನ್ನು ಹೀಗೆ ಶುರು ಮಾಡಿ. ಮೊದಲ ವಾರ ಓದಿನ ಬಗ್ಗೆ ಯೋಚನೆಯೇ ಬೇಡ, ನಿದ್ದೆ ಒಂದನ್ನೇ ಸರಿಮಾಡಿ. ಎರಡು ಗಂಟೆಯ ಬದಲು ಮೊದಲ ಎರಡು ದಿನ ಒಂದಕ್ಕೆ ಮಲಗಿ, ಆಮೇಲೆ ಹನ್ನೆರಡೂವರೆಗೆ, ವಾರದ ಕೊನೆಗೆ ಹನ್ನೊಂದೂವರೆಗೆ. ಏಳುವುದು ಮೊದಲ ದಿನದಿಂದಲೇ ಏಳು ಗಂಟೆಗೆ. ರಾತ್ರಿ ನಿದ್ದೆ ಬಾರದೆ ಅರ್ಧ ಗಂಟೆ ಹೊರಳಾಡಿದರೆ ಎದ್ದು ಮಂದ ಬೆಳಕಿನಲ್ಲಿ ಕೂರಿ, ಕಣ್ಣು ಎಳೆದಾಗ ಮತ್ತೆ ಮಲಗಿ. ಈ ವಾರದೊಳಗೇ ಕೌನ್ಸೆಲರ್ ಹತ್ತಿರ ಸಮಯ ಗೊತ್ತುಮಾಡಿಕೊಳ್ಳಿ. ಎರಡನೇ ವಾರದಿಂದ ಖಾಲಿ ಹಾಳೆ. ದಿನಕ್ಕೆ ಆರು ಗಂಟೆ ಓದಿದರೆ ಸಾಕು, ಅದರಲ್ಲಿ ಅರ್ಧ ಪುಸ್ತಕ ಮುಚ್ಚಿಟ್ಟು ಕಳೆಯಬೇಕು. ಸಂಜೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಮೂರನೇ ವಾರದಿಂದ ಗಡಿಯಾರ ಇಟ್ಟುಕೊಂಡು ಪೂರ್ತಿ ಪ್ರಶ್ನೆಪತ್ರಿಕೆ. ಮೊದಲು ಬರೆಯಬೇಕಾದದ್ದು ಕಳೆದ ಸಲ ಕೈಕೊಟ್ಟ ಅದೇ ಸಂಖ್ಯಾಶಾಸ್ತ್ರದ ಪತ್ರಿಕೆ.